ಹರಳಿಗೆ ತಂತಿ ಹಚ್ಚುವ ಮಸ್ಕಿಯ ದಾವಲ್‌ಬೀ

ಸಿಂಧನೂರಿನ ಕಾಲುವೆ ಮಗ್ಗುಲಿನ ಆ ಕಾಲೇಜಿಗೆ ಇನ್ನೂ ಕಸ ಗುಡಿಸುವವರೂ ಬಂದಿಲ್ಲ. ಹಿಂದಿನ ಕಟ್ಟಡದ ಮೂಲೆ ಕೋಣೆಯಲ್ಲಿ ಮಾತ್ರ ಒಂದು ದೀಪ ಹತ್ತಿದೆ. ಒಳಗೆ ದಾವಲ್‌ಬೀ ಸೂಕ್ಷ್ಮದರ್ಶಕದ ಮೇಲೆ ಬಗ್ಗಿ ಕೂತಿದ್ದಾರೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಾರೆ, ಬಲಗೈ ಬಳೆಗಳು ಕದಲದ ಹಾಗೆ ಕರವಸ್ತ್ರ ಸುತ್ತಿದ್ದಾರೆ, ಫ್ಯಾನು ಬಂದ್ ಮಾಡಿದ್ದಾರೆ. ಕಣ್ಣ ಕೆಳಗೆ ಅಕ್ಕಿನುಚ್ಚಿನಷ್ಟು ಸಣ್ಣ ಒಂದು ಬೂದುಬಣ್ಣದ ಹರಳು. ಚಿಮಟಿಗೆಯ ತುದಿಯಲ್ಲಿ ತಲೆಗೂದಲಿಗಿಂತ ತೆಳುವಾದ ಬಂಗಾರದ ತಂತಿ. ಅದರ ತುದಿಯನ್ನು ಬೆಳ್ಳಿಪುಡಿಯ ಅಂಟಿಗೆ ಅದ್ದಿ ಹರಳಿನ ಅಂಚಿಗೆ ಮುಟ್ಟಿಸಬೇಕು. ಮುಟ್ಟಿಸುವ ಹೊತ್ತಿಗೆ ಉಸಿರು ಬಿಡುವಂತಿಲ್ಲ.

ಮುಟ್ಟಿತು. ದಾವಲ್‌ಬೀ ತಲೆ ಎತ್ತಿ, ಅಷ್ಟು ಹೊತ್ತು ಹಿಡಿದಿಟ್ಟ ಉಸಿರನ್ನೆಲ್ಲ ಒಮ್ಮೆಲೇ ಬಿಡುತ್ತಾರೆ.

"ಹಿಡೀತು ನೋಡ್ರಿ. ಇನ್ನ ಒಣಗೂತನಾ ಯಾರೂ ಬಾಗಲಾ ತಗೀಬ್ಯಾಡ್ರಿ. ಒಂದ್ ಚೂರು ಗಾಳಿ ಬಂದ್ರ ನನ್ನ ಕೆಲಸ ಖಲ್ಲಾಸ್" ಎನ್ನುತ್ತಾರೆ. ಹೇಳುವಾಗ ಮುಖದಲ್ಲಿ ಗದರಿಕೆ, ಕಣ್ಣಲ್ಲಿ ನಗು.

ನಲವತ್ತೇಳರ ದಾವಲ್‌ಬೀ ಅವರ ತವರು ಸಂತೆಕಲ್ಲೂರು, ಗಂಡನ ಮನೆ ಮಸ್ಕಿ. ಕಾಲೇಜಿನ ಲೆಕ್ಕಕ್ಕೆ ಅವರು ಭೌತಶಾಸ್ತ್ರ ಪ್ರಯೋಗಾಲಯದ ಸಹಾಯಕಿ. ಹುಡುಗರ ಬಾಯಲ್ಲಿ ಮಾತ್ರ 'ಮ್ಯಾಗ್ನೆಟ್ ಆಪಾ', ಅಂದರೆ ಆಯಸ್ಕಾಂತದ ಅಕ್ಕ. ನಸುಕಿನ ಮೊದಲ ಬಸ್ಸಿಗೆ ಗಂಡ ಹುಸೇನ್‌ಸಾಬ್ ಜೊತೆ ಮಸ್ಕಿಯಲ್ಲಿ ಹತ್ತುತ್ತಾರೆ. ರೈಸ್ ಮಿಲ್ಲೊಂದರಲ್ಲಿ ಫಿಟರ್ ಆಗಿರುವ ಹುಸೇನ್‌ಸಾಬ್ ಗೊರೇಬಾಳದಲ್ಲಿ ಇಳಿದರೆ, ಇವರು ಮುಂದೆ ಸಿಂಧನೂರಿಗೆ ಬರುತ್ತಾರೆ. ಇಷ್ಟು ಬೇಗ ಬಂದು ಏನು ಮಾಡುತ್ತೀರಿ ಎಂದು ಕೇಳಿದವರಿಗೆ ಅವರ ಬಳಿ ಉತ್ತರ ಸಿದ್ಧವಿದೆ.

"ಬಿಸಲೇರಿತಂದ್ರ ಮ್ಯಾಲಿನ ಪತ್ರಾಸ್ ತಗಡು ಕಾದು ಕೋಣಿ ಅಂಬೂದು ಒಲಿ ಆಕ್ಕೈತ್ರಿ. ಹರಳಿಗೆ ನಾವು ಕೊಟ್ಟ ಬಿಸಿ ಎಷ್ಟು, ಸಿಂಧನೂರ ಸೂರ್ಯಾ ಕೊಟ್ಟಿದ್ದು ಎಷ್ಟು ಅಂತ ಹ್ಯಾಂಗ ಗೊತ್ತಾಗಬೇಕು?"

ಆ ಹರಳಿನ ಸಂಗತಿಯನ್ನು ಸ್ವಲ್ಪ ಹೇಳಲೇಬೇಕು. ಹೆಸರು ಕೇಳಿದರೆ ಎಂಥವರಿಗೂ ಬೆವರು ಬರುತ್ತದೆ: ಪದರುಗಳುಳ್ಳ ಟೊಪಾಲಜಿಕಲ್ ಅರೆಲೋಹ. ಓದುಗರು ಹೆದರಬೇಕಾಗಿಲ್ಲ, ದಾವಲ್‌ಬೀ ಕೂಡ ಮೊದಲ ದಿನ ಹೆದರಿದ್ದರು. ಜಿರ್ಕೋನಿಯಂ, ಟೆಲ್ಲೂರಿಯಂ ಎಂಬ ಎರಡು ಧಾತುಗಳನ್ನು ಕೂಡಿಸಿ ಬೇರೆ ಊರಿನ ಪ್ರಯೋಗಾಲಯದವರು ಈ ಹರಳು ಬೆಳೆಸುತ್ತಾರೆ. ಅದು ಹತ್ತಿಯಲ್ಲಿ ಸುತ್ತಿಕೊಂಡು ಡಬ್ಬಿಯೊಳಗೆ ಕೂತು ಕೊರಿಯರ್‌ನಲ್ಲಿ ಸಿಂಧನೂರಿಗೆ ಬರುತ್ತದೆ. ಪೂರ್ತಿ ಲೋಹವಲ್ಲದ್ದರಿಂದ ಅರೆಲೋಹ. ಕಲ್ಲುಗುಡ್ಡದಲ್ಲಿ ಸಿಗುವ ಕಾಗೆಬಂಗಾರವನ್ನು ಮಕ್ಕಳು ಉಗುರಿನಿಂದ ಎಬ್ಬಿಸಿದರೆ ಹೇಗೆ ಹಾಳೆ ಹಾಳೆಯಾಗಿ ಏಳುತ್ತದೋ ಇದೂ ಹಾಗೆಯೇ ಏಳುತ್ತದೆ. ಅದಕ್ಕೇ ಪದರಿನ ಹರಳು. ಇನ್ನು ಟೊಪಾಲಜಿ ಎಂಬ ಬಾಯಿತುಂಬುವ ಮಾತನ್ನು ಅವರಿಗೆ ಬಿಡಿಸಿ ಹೇಳಿದವರು ಈ ಕೋಣೆಯ ಯಜಮಾನರಾದ ನಿಂಗರಾಜ ಮೇಷ್ಟ್ರು.

ದಢೇಸುಗೂರಿನ ಗದ್ದೆ ಸೀಮೆಯ ನಿಂಗರಾಜ ದೂರದ ಊರಲ್ಲಿ ಡಾಕ್ಟರೇಟು ಮುಗಿಸಿ, ಇಲ್ಲೇ ಪಾಠ ಹೇಳುತ್ತೇನೆ, ಇಲ್ಲೇ ಸಂಶೋಧನೆಯನ್ನೂ ಮಾಡುತ್ತೇನೆ ಎಂದು ಹಟ ಹಿಡಿದು ಬಂದವರು. ದಾವಲ್‌ಬೀ ಅವರ ಕೈಬಳೆಯನ್ನೇ ತೋರಿಸಿ ಅವರು ಹೇಳಿದ್ದು ಇಷ್ಟು: "ಆಪಾ, ಈ ಬಳೀನ ಎಷ್ಟರ ಬಗ್ಗಸ್ರಿ, ಜಗ್ಗ್ರಿ, ಅದರ ನಡುವಿನ ತೂತು ಹೋಗಂಗಿಲ್ಲ. ಒಡದ್ರ ಮಾತ್ರ ಹೋಗತೈತಿ. ಹರಳಿನೊಳಗ ಇಲೆಕ್ಟ್ರಾನು ಓಡಾಡೂ ಹಾದಿನೂ ಹಂಗಾ. ಸಣ್ಣಪುಟ್ಟ ಕುಂದು ಕಸರಿಗೆ ಅದು ಕೆಡಂಗಿಲ್ಲ. ಅದಕ್ಕಾ ಅವು ಅಷ್ಟು ಹಗುರಾಗಿ, ಅಷ್ಟು ಜೋರಾಗಿ ಓಡ್ತಾವ." ದಾವಲ್‌ಬೀಗೆ ಅಂದಿನಿಂದ ಹರಳಿನ ಮೇಲೆ ಒಂದು ಥರದ ಅಕ್ಕರೆ ಹುಟ್ಟಿತಂತೆ.

ಕೋಣೆಯಲ್ಲಿ ನಡೆಯುವ ಕೆಲಸ ಇದು. ಹರಳಿನ ಒಂದು ತುದಿಗೆ ಚೂರು ಬಿಸಿ ಕೊಟ್ಟು, ಇನ್ನೊಂದು ತುದಿಯನ್ನು ತಂಪಾಗಿ ಇಡುತ್ತಾರೆ. ಇಲೆಕ್ಟ್ರಾನುಗಳು ಬಿಸಿಯ ಕಡೆಯಿಂದ ತಂಪಿನ ಕಡೆಗೆ ಹೊರಡುತ್ತವೆ. ಆಗ ಎರಡೂ ಮಗ್ಗುಲಿಂದ ದೊಡ್ಡ ಆಯಸ್ಕಾಂತದ ಬಲ ಬಿದ್ದರೆ ಅವು ನೇರ ಹೋಗಲಾಗದೆ ಪಕ್ಕಕ್ಕೆ ಸರಿಯುತ್ತವೆ. ಹಾಗೆ ಸರಿದಾಗ ಹರಳಿನ ಪಕ್ಕದ ಅಂಚಿನಲ್ಲಿ ಎಳ್ಳಷ್ಟು ವಿದ್ಯುತ್ತು ಹುಟ್ಟುತ್ತದೆ. ಆ ಎಳ್ಳಷ್ಟನ್ನು ಅಳೆಯುವುದೇ ಇವರ ಉದ್ಯೋಗ. ಇಂಥ ಹರಳಿನಲ್ಲಿ ಈ ಪಕ್ಕದ ವಿದ್ಯುತ್ತು ಬೇರೆ ವಸ್ತುಗಳಿಗಿಂತ ಬಹಳ ಹೆಚ್ಚು. ಮುಂದೊಂದು ಕಾಲಕ್ಕೆ ಸುಮ್ಮನೆ ಪೋಲಾಗುವ ಬಿಸಿಯಿಂದ ದೀಪ ಹತ್ತಿಸಬಹುದು ಎಂಬ ಆಸೆ ಮೇಷ್ಟ್ರದ್ದು. ಸಿಂಧನೂರಿನ ಸುತ್ತ ಪೋಲಾಗುವ ಬಿಸಿಗೇನು ಬರ? ಒಂದೊಂದು ರೈಸ್ ಮಿಲ್ಲಿನ ಬಾಯ್ಲರೂ ಹೊಟ್ಟು ಸುಟ್ಟು ಆಕಾಶ ಕಾಯಿಸುತ್ತಿದೆ.

ಹುಸೇನ್‌ಸಾಬ್‌ಗೆ ಇದೇ ತಮಾಷೆಯ ವಸ್ತು. "ನಮ್ಮ ಬಾಯ್ಲರಿಂದ ಬಲ್ಬು ಯಾವಾಗ ಹತ್ತಸ್ತೀಯ ಹೇಳು, ಅಲ್ಲೀತನ ನಾ ಬ್ಯಾಟರಿ ಹಿಡಕೊಂಡ ತಿರಗ್ತೀನಿ" ಎಂದು ಬಸ್ಸಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೆಂಡತಿಯನ್ನು ಕಾಡಿಸುತ್ತಾರೆ.

ಹರಳನ್ನು ತಂಪು ಮಾಡಲು ಮೈನಸ್ ನೂರ ತೊಂಬತ್ತಾರು ಡಿಗ್ರಿಯ ದ್ರವ ಸಾರಜನಕ ಬೇಕು. ಅದನ್ನು ಸಿಂಧನೂರಿನಲ್ಲಿ ಯಾರು ಕೊಡಬೇಕು? ದನಕರುಗಳಿಗೆ ಗರ್ಭದ ಇಂಜೆಕ್ಷನ್ ಮಾಡುವ ಪಶುವೈದ್ಯರ ಬಳಿ ಇದೆ. ವೀರ್ಯದ ನಳಿಕೆಗಳನ್ನು ಅವರು ಅದರಲ್ಲೇ ಮುಳುಗಿಸಿ ಇಡುತ್ತಾರೆ. ಅವರು ಉಳಿಸಿ ಕೊಟ್ಟಿದ್ದನ್ನು ದಾವಲ್‌ಬೀ ಹಾಲಿನ ಕ್ಯಾನಿನಂಥ ಪಾತ್ರೆಯಲ್ಲಿ ತುಂಬಿಸಿಕೊಂಡು, ಶೇರ್ ಆಟೋದಲ್ಲಿ ಕಾಲ ಸಂದಿಯಲ್ಲಿಟ್ಟುಕೊಂಡು ತರುತ್ತಾರೆ. ಮುಚ್ಚಳದ ಸಂದಿಯಿಂದ ಬಿಳಿ ಹೊಗೆ ಏಳುವುದನ್ನು ಕಂಡು ಪಕ್ಕದವರು ಹೌಹಾರಿ ಸರಿದು ಕೂರುತ್ತಾರೆ.

"ಒಬ್ಬಾಕಿ ಮುದುಕಿ ಕೇಳಿದ್ಲು ನೋಡ್ರಿ, ಕಾಲೇಜಿನ್ಯಾಗ ಎಮ್ಮಿ ಎಷ್ಟು ಸಾಕೀರಿ ಅಂತ. ನಾ ಅಂದೆ, ಒಂದೂ ಇಲ್ಲಬೇ, ಅಕ್ಕಿ ನುಚ್ಚಿನಂಥ ಒಂದು ಹಳ್ಳು ಐತಿ, ಅದಕ್ಕಾ ಇಷ್ಟ ತಂಪು ಬೇಕು ಅಂತ. ಆಕಿ ನನ್ನ ಮಾರಿ ನೋಡಿ, ಪಾಪ ಅಂದ್ಲು."

ಇಂಥ ಕೆಲಸಕ್ಕೆ ಅವರು ಬಂದದ್ದು ಮದುವೆಯ ಹೂವಿನ ದಾರಿಯಿಂದ. ಮಸ್ಕಿಯ ಅವರ ಓಣಿಯಲ್ಲಿ ಮದುಮಗನ ಮುಖಕ್ಕೆ ಇಳಿಬಿಡುವ ಮಲ್ಲಿಗೆಯ ಸೆಹರಾ ಪೋಣಿಸಲು ದಾವಲ್‌ಬೀಯೇ ಬೇಕು. ಮೊಗ್ಗು ಸೀಳಬಾರದು, ಜರಿ ದಾರ ಗಂಟು ಬೀಳಬಾರದು, ಎಳೆಗಳು ಒಂದಕ್ಕೊಂದು ಸಿಕ್ಕಬಾರದು. ಮಗಳು ಶಾಹೀಸ್ತಾಳನ್ನು ಮದುವೆ ಮಾಡಿ ಕಳಿಸಿದ ಮೇಲೆ ಮನೆ ಬಿಕೋ ಎನ್ನತೊಡಗಿ, ಈ ಕಾಲೇಜಿನಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ಸೇರಿದರು. ಆ ದಿನಗಳಲ್ಲಿ ನಿಂಗರಾಜ ಮೇಷ್ಟ್ರೂ ಅವರ ಸಂಶೋಧನಾ ವಿದ್ಯಾರ್ಥಿನಿ, ಲಿಂಗಸೂಗೂರಿನ ದೀಪಾಳೂ ಹರಳಿಗೆ ತಂತಿ ಹಚ್ಚಲು ಹೆಣಗುತ್ತಿದ್ದರು. ನಾನೂ ಒಂದು ಕೈ ನೋಡಲೇನು ಎಂದು ಇವರು ಕೇಳಿದರು. ಸಿನಿಮಾ ಆಗಿದ್ದರೆ ಮೊದಲ ಸಲಕ್ಕೇ ತಂತಿ ಕೂತುಬಿಡುತ್ತಿತ್ತು. ಇಲ್ಲಿ ಹರಳೇ ಎರಡು ಹೋಳಾಯಿತು. ಮುಂದಿನದೂ ಹೋಯಿತು. ಮೂವರೂ ಸೇರಿ ಹರಳುಗಳನ್ನು ಪುಡಿ ಮಾಡುತ್ತ, ಒಬ್ಬರ ತಪ್ಪಿಗೆ ಇನ್ನೊಬ್ಬರು ನಗುತ್ತ, ಮಳೆಗಾಲ ಕಳೆದು ಚಳಿ ಬೀಳುವ ಹೊತ್ತಿಗೆ ಕೆಲಸ ಕಲಿತರು. ಕಲಿತ ಮೇಲೆ ದಾವಲ್‌ಬೀ ಕೈ ಮಾತ್ರ ಮತ್ತೆ ತಪ್ಪಲಿಲ್ಲ.

"ಹೂವಿನಕಿಂತಾ ಇದು ನಾಜೂಕು. ಹೂವಾ ಬಾಡಿದ್ರ ಕಾಣತೈತಿ. ಇದು ಮುನಿಸಿಕೊಂಡ್ರ ಗೊತ್ತಾ ಆಗಂಗಿಲ್ಲ" ಎನ್ನುತ್ತಾರೆ. ಈ ಮಾತಿನ ಹಿಂದೆ ಅವರು ಅನುಭವಿಸಿದ ಒಂದು ಕಷ್ಟವಿದೆ. ಅದನ್ನು ಅವರು ಯಾರ ಮುಂದೆಯೂ ಮುಚ್ಚಿಡುವುದಿಲ್ಲ.

ಕಾಂತದ ಬಲ ಹರಳಿನ ಮೇಲೆ ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ ಬೀಳಬೇಕು. ಬಲದ ದಿಕ್ಕು ತಿರುಗಿದಾಗ ಪಕ್ಕದ ವಿದ್ಯುತ್ತೂ ದಿಕ್ಕು ತಿರುಗಿದರೆ, ಅದು ಕಾಂತ ಹುಟ್ಟಿಸಿದ ವಿದ್ಯುತ್ತು ಎಂದು ನಂಬಬಹುದು. ದೊಡ್ಡ ಪ್ರಯೋಗಾಲಯಗಳಲ್ಲಿ ಒಂದು ಗುಂಡಿ ಒತ್ತಿದರೆ ಇದು ಆಗುತ್ತದೆ. ಇಲ್ಲಿರುವುದು ಯಾವುದೋ ಸಂಸ್ಥೆ ಹಳತಾಯಿತೆಂದು ಕೈಬಿಟ್ಟ, ಲಾರಿಯಲ್ಲಿ ಬಂದಿಳಿದ ವಿದ್ಯುತ್ಕಾಂತ. ದಿಕ್ಕು ಬದಲಿಸುವ ಅದರ ಸ್ವಿಚ್ಚು ಎಂದೋ ಸುಟ್ಟುಹೋಗಿದೆ. ಹಾಗಾಗಿ ಮೇಷ್ಟ್ರು ಬೇರೆ ಉಪಾಯ ಹೂಡಿದರು: ಕಾಂತ ಇದ್ದಲ್ಲೇ ಇರಲಿ, ಹರಳೇ ತಿರುಗಲಿ. ಒಂದು ಉದ್ದನೆಯ ಟೊಳ್ಳು ಸಲಾಕೆ, ಅದರ ಕೆಳತುದಿಗೆ ಹರಳು, ಒಳಗಿನಿಂದ ಮೇಲೆ ಬರುವ ಸಣ್ಣ ತಾಮ್ರದ ತಂತಿಗಳು, ಮೇಲೆ ಹಿಡಿಯಲೊಂದು ಮರದ ಗೂಟ, ಅರ್ಧ ಸುತ್ತಿಗೊಂದು ಗುರುತು. ಸಲಾಕೆ ನುಣ್ಣಗೆ ತಿರುಗಲೆಂದು ಹುಸೇನ್‌ಸಾಬ್ ತಮ್ಮ ಕೈಯಿಂದಲೇ ಬೇರಿಂಗ್ ಕೂರಿಸಿಕೊಟ್ಟರು. ಬಲಕ್ಕೆ ಅರ್ಧ ಸುತ್ತು, ಅಳತೆ. ಎಡಕ್ಕೆ ಅರ್ಧ ಸುತ್ತು ವಾಪಸ್, ಮತ್ತೆ ಅಳತೆ. ಗೂಟ ಹಿಡಿದು ತಿರುಗಿಸುವ ಕೆಲಸ ದಾವಲ್‌ಬೀಯದು.

ಕಳೆದ ವರ್ಷ ಹೀಗೆ ಅಳೆಯುತ್ತಿದ್ದಾಗ ಒಂದು ಹರಳು ಭರ್ಜರಿ ಆಟ ತೋರಿಸಿತು. ಪಕ್ಕದ ವಿದ್ಯುತ್ತು ದಿನೇ ದಿನೇ ಏರುತ್ತ ಹೋಯಿತು. ಹೋದ ವಾರಕ್ಕಿಂತ ಈ ವಾರ ಜಾಸ್ತಿ, ನಿನ್ನೆಗಿಂತ ಇವತ್ತು ಜಾಸ್ತಿ. ಕಾಂತದ ಬಲಕ್ಕೆ ಹರಳು ಒಳಗೊಳಗೇ ಹದಗೊಳ್ಳುತ್ತಿದೆ, ಇಂಥದ್ದನ್ನು ಯಾರೂ ಕಂಡಿಲ್ಲ ಎಂದು ಮೇಷ್ಟ್ರು ಊಟ ಮರೆತರು. ಕುಣಿದಾಡುತ್ತ ಪ್ರಬಂಧ ಬರೆದರು. ಕೊನೆಗೆ ಕರೆದು ಹೇಳಿದರು: "ಆಪಾ, ನಿಮ್ಮ ಹೆಸರೂ ಹಾಕ್ತೀವಿ. ಮೊದಲು ದೀಪಾ, ಆಮ್ಯಾಲೆ ನೀವು, ಕಡೀಕ ನಾನು."

ದಾವಲ್‌ಬೀ ಹೆಸರು ಅಚ್ಚಿನಲ್ಲಿ ಬಂದದ್ದೇ ಇಲ್ಲ. ತಮ್ಮ ಶಾದಿಯ ಕಾರ್ಡಿನಲ್ಲೂ ಇಂಥವರ ಮಗಳು ಎಂದಿತ್ತೇ ಹೊರತು ಹೆಸರಿರಲಿಲ್ಲ. ಈಗ ದೇಶದೇಶಗಳ ಜನ ಓದುವ ಪತ್ರಿಕೆಯಲ್ಲಿ, ಡಾಕ್ಟರುಗಳ ನಡುವೆ, ಮಸ್ಕಿಯ ದಾವಲ್‌ಬೀ! ಅಂದು ಸಂಜೆ ಬಸ್ಸಿನಲ್ಲಿ ಗಂಡನಿಗೆ ಹೇಳಿದರು. ಹುಸೇನ್‌ಸಾಬ್ ಬೆಳಗಾಗುವುದರೊಳಗೆ ಓಣಿಗೆ, ಮಿಲ್ಲಿಗೆ, ಬಸ್ ಕಂಡಕ್ಟರಿಗೆ, ಎಲ್ಲರಿಗೂ ಹೇಳಿ ಮುಗಿಸಿದರು. ಶಾಹೀಸ್ತಾ ಫೋನಿನಲ್ಲಿ ಅತ್ತಳು. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ಆ ಮನೆಯಲ್ಲಿ ಕುಲಾವಿಯ ಜೊತೆ ತೊಟ್ಟಿಲೂ ಸಿದ್ಧವಾಗಿತ್ತು.

ಪ್ರಬಂಧ ಕಳಿಸಬೇಕಾದ ದಿನ ಬಂತು. ದಾವಲ್‌ಬೀ ಎಂದಿನಂತೆ ನಸುಕಿಗೆ ಬಂದು, ಕೊನೆಯದಾಗಿ ಇನ್ನೊಂದು ಅಳತೆ ಇರಲಿ ಎಂದು ಕೂತರು. ನಡುವೆ ಮೂರು ಫೇಸಿನ ಕರೆಂಟು ಹೋಯಿತು. ವಿದ್ಯುತ್ಕಾಂತದ ಗುಂಯ್ ಸದ್ದು ನಿಂತಿತು. ಅಳೆಯುವ ಮೀಟರೂ ಹರಳನ್ನು ಬಿಸಿ ಮಾಡುವ ಸಣ್ಣ ಹೀಟರೂ ಮಾತ್ರ ಬ್ಯಾಟರಿಯ ಮೇಲೆ ನಡೆಯುತ್ತಲೇ ಇದ್ದವು. ರೂಢಿಬಿದ್ದ ಕೈ ಕರೆಂಟು ಕೇಳಿ ಕೆಲಸ ಮಾಡುತ್ತದೆಯೇ? ಅದು ತನ್ನ ಪಾಡಿಗೆ ಸಲಾಕೆಯನ್ನು ಅರ್ಧ ಸುತ್ತು ತಿರುಗಿಸಿತು. ಮೀಟರಿನ ಅಂಕಿ ಎಂದಿನಂತೆಯೇ ಈ ಕಡೆಯಿಂದ ಆ ಕಡೆಗೆ ಜಿಗಿಯಿತು.

"ಮೊದಲ ನನಗ ಏನೂ ಅನಸಲಿಲ್ರಿ. ಆಮ್ಯಾಲೆ ಮ್ಯಾಗ್ನೆಟ್ ಕಡೆ ನೋಡಿದೆ. ಮ್ಯಾಗ್ನೆಟ್ ಮಕ್ಕೊಂಡೈತಿ, ಮತ್ತ ಇದನ್ನ ಪಕ್ಕಕ್ಕ ತಳ್ಳಿದಾಂವ ಯಾರು?"

ಮತ್ತೊಮ್ಮೆ ತಿರುಗಿಸಿದರು. ಮತ್ತೆ ಜಿಗಿಯಿತು. ಕಾಂತವಿಲ್ಲದೆಯೂ ಅಷ್ಟೇ ವಿದ್ಯುತ್ತು ಬರುತ್ತಿದೆ ಎಂದರೆ, ಇಷ್ಟು ದಿನ ಕಾಂತದ ಹೆಸರಲ್ಲಿ ಬೇರೆ ಯಾವುದೋ ಬರುತ್ತಿತ್ತು. ಅದೇನೆಂದು ಅವರಿಗೆ ತಿಳಿಯಲಿಲ್ಲ. ಆದರೆ ಪ್ರಬಂಧ ಉಳಿಯುವುದಿಲ್ಲ, ಅದರ ಜೊತೆ ತಮ್ಮ ಹೆಸರೂ ಉಳಿಯುವುದಿಲ್ಲ ಎಂಬುದು ತಿಳಿಯಿತು. ಕೋಣೆಯಲ್ಲಿ ಇನ್ನಾರೂ ಇರಲಿಲ್ಲ. ಕರೆಂಟು ಮರಳಿ ಬಂದರೆ ಎಲ್ಲ ಮೊದಲಿನಂತೆ ಕಾಣುತ್ತದೆ. ಬಿಸಿತುಪ್ಪ ಬಾಯಲ್ಲಿ, ಉಗುಳುವಂತಿಲ್ಲ, ನುಂಗುವಂತಿಲ್ಲ.

"ಸುಮ್ಮನಿದ್ರ ಯಾರಿಗೂ ಗೊತ್ತಾಗ್ತಿದ್ದಿಲ್ರಿ. ಸುಳ್ಳ ಯಾಕ ಹೇಳ್ಲಿ, ಒಂದ್ ಚಾ ಕುಡಿಯೂ ಹೊತ್ತು ಸುಮ್ಮನಾ ಕುಂತಿದ್ದೆ. ಹೆಸರು ಬೇಕಾಗಿತ್ತು ನನಗ. ಆಮ್ಯಾಲೆ ಅನಿಸ್ತು, ಬ್ಯಾರೆ ದೇಶದಾಗ ನನ್ನಂಥಾಕಿ ಯಾರರ ಇದನ್ನ ಓದಿ, ಹಿಂಗಾ ಮಾಡಾಕ ಹೋಗಿ, ಆ ನಂಬರ್ ಬರಲಾರದಕ್ಕ ತನ್ನ ಕೈನಾ ಕೆಟ್ಟೈತಿ ಅಂತ ಅತ್ರ?"

ನಿಂಗರಾಜ ಮೇಷ್ಟ್ರೂ ದೀಪಾಳೂ ಒಟ್ಟಿಗೇ ಬಂದರು. ದೀಪಾಳ ಕೈಯಲ್ಲಿ ಲಿಂಗಸೂಗೂರಿನಿಂದ ತಂದ ಪೇಡೆಯ ಡಬ್ಬಿ. ಅದನ್ನು ಬಿಚ್ಚುವ ಮುಂಚೆಯೇ ದಾವಲ್‌ಬೀ ಹೇಳಿಬಿಟ್ಟರು: "ಸರ, ಮ್ಯಾಗ್ನೆಟ್ ಇಲ್ಲದಾ ನಂಬರ್ ತಿರಗಾಕತ್ತೈತ್ರಿ."

ಮೇಷ್ಟ್ರು ನಕ್ಕರು. "ಕರೆಂಟ್ ಹೋದ್ರೂ ಕಬ್ಬಿಣದಾಗ ಚೂರು ಕಾಂತ ಉಳದಿರತೈತಿ ಆಪಾ." ಕಿಸೆಗಾತ್ರದ ಉಪಕರಣ ಹಿಡಿದು ಅಳೆದರು. ಉಳಿದಿದ್ದು ಲೆಕ್ಕಕ್ಕೆ ಬರುವಷ್ಟಲ್ಲ. ಅವರ ನಗು ಅಲ್ಲಿಗೇ ನಿಂತಿತು. ಮೂವರೂ ಸೇರಿ ಸಲಾಕೆಯನ್ನು ಮೇಲಕ್ಕೆತ್ತಿ ಬಿಚ್ಚಿದರು. ಒಳಗಿನ ತಾಮ್ರದ ತಂತಿಗಳು ಹೆಣ್ಣುಮಗಳ ಜಡೆಯ ಹಾಗೆ ಒಂದಕ್ಕೊಂದು ಹೆಣೆದು ಬಿಗಿದುಕೊಂಡಿದ್ದವು. ಆ ಬಿಗಿತ ಬಂಗಾರದ ತಂತಿಯನ್ನು ಜಗ್ಗಿ, ತಂತಿ ಅಂಟಿದ ಕಡೆ ಹರಳಿನ ಮೇಲಿನ ಪದರು ಎದ್ದಿತ್ತು. ಸಲಾಕೆ ಒಂದು ಗುರುತಿಗೆ ಬಂದಾಗ ತಂತಿ ಬಿಗಿಯಾಗಿ ಪದರು ಬಾಯಿಬಿಡುತ್ತಿತ್ತು, ಇನ್ನೊಂದು ಗುರುತಿಗೆ ಬಂದಾಗ ಸಡಿಲವಾಗಿ ಮುಚ್ಚಿಕೊಳ್ಳುತ್ತಿತ್ತು. ಬಿಸಿ ಒಮ್ಮೆ ಒಂದು ಥರ, ಒಮ್ಮೆ ಇನ್ನೊಂದು ಥರ ಹರಿದು, ಕಾಂತವೇ ಮಾಡಿದ ಕೆಲಸದಂತೆ ಕಾಣುತ್ತಿತ್ತು. ಹೆಣಿಗೆ ಬಿಗಿದಷ್ಟೂ ಅಂಕಿ ಏರುತ್ತಿತ್ತು.

"ಆಪಾ, ನೀವು ಎಡಕ್ಕ ವಾಪಸ್ ತಿರಗಸ್ತಿದ್ರಿಲ್ಲೋ?" ಎಂದು ದೀಪಾ ಕೇಳಿದಳು.

"ವಾಪಸ್ ಯಾಕ ತಿರಗಸ್ಲಿ ಯವ್ವಾ? ಬಲಕ್ಕ ಇನ್ನೊಂದ್ ಅರ್ಧಾ ಹೋದ್ರ ಅದಾ ಗುರುತಿಗೆ ಬರತೈತಲ್ಲ. ಬೀಸೂ ಕಲ್ಲು ಯಾರರ ಹಿಂದಕ್ಕ ತಿರಗಸ್ತಾರನು? ಮನಿ ಬರ್ಕತ್ ಹೋಕ್ಕೈತಿ!"

ಸಂತೆಕಲ್ಲೂರಿನ ತವರಿನಲ್ಲಿ ದಾವಲ್‌ಬೀ ತಾಯಿಯ ಎದುರು ಕೂತು ಊರವರ ಜೋಳ ಬೀಸಿದವರು. ಗೂಟ ಹಿಡಿದ ಕೈ ಮುಂದಕ್ಕೇ ಹೋಗಬೇಕು. ಮರೆತು ಹಿಂದಕ್ಕೆ ತಂದರೆ ತಾಯಿಯಿಂದ ಮಣಿಕಟ್ಟಿಗೆ ಏಟು. ಕಲ್ಲು ಹಿಂದಕ್ಕೆ ತಿರುಗಿದರೆ ಆ ಮನೆಯ ಸಿರಿಯೂ ಹಿಂದಕ್ಕೆ ತಿರುಗುತ್ತದೆ ಎಂಬುದು ಅವರಲ್ಲಿ ನಡೆದುಬಂದ ನಂಬಿಕೆ. ಮೇಷ್ಟ್ರು ಎಡಕ್ಕೆ ವಾಪಸ್ ಎಂದು ಕಲಿಸಿದ್ದು ಕಿವಿಗೆ ಬಿದ್ದಿತ್ತು, ಕೈಗೆ ಇಳಿದಿರಲಿಲ್ಲ; ಬಲಕ್ಕೇ ಸುತ್ತಿ ಸುತ್ತಿ ಒಳಗಿನ ತಂತಿಗಳು ಹೆಣೆದುಕೊಂಡಿದ್ದವು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಮರದ ಗೂಟ ಕೈಗೆ ಸಿಕ್ಕ ಕೂಡಲೇ ಆ ಕೈಗೆ ಅದು ವಿಜ್ಞಾನವಾಗಿರಲಿಲ್ಲ, ಬೀಸುವ ಕಲ್ಲಾಗಿತ್ತು.

ಮೇಷ್ಟ್ರು ಹೊರಗೆ ಹೋಗಿ ಕಾಲುವೆ ದಂಡೆಯ ಮೇಲೆ ನಿಂತರು. "ಬೈದಿದ್ರ ಚೊಲೊ ಇತ್ರಿ. ಅವರ ಬೆನ್ನ ನೋಡಕೋತ ಬಾಗಲದಾಗ ನಿಂತೆ" ಎಂದು ದಾವಲ್‌ಬೀ ಇವತ್ತಿಗೂ ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ಬಹಳ ಹೊತ್ತಾದ ಮೇಲೆ ವಾಪಸ್ ಬಂದ ಮೇಷ್ಟ್ರು ಹೇಳಿದ್ದು ಇದು: "ಮೊದಲನೇ ವಾರ ನಾನಾ ಮ್ಯಾಗ್ನೆಟ್ ಬಂದ್ ಮಾಡಿ ನೋಡಿದ್ದೆ ಆಪಾ, ಎಲ್ಲಾ ಸರಿ ಇತ್ತು. ನಂಬರ್ ಏರಾಕತ್ತಿದ ಮ್ಯಾಲೆ ನೋಡಾಕ ಮನಸಾ ಬರಲಿಲ್ಲ. ತಿರಗಿಸಿದ್ದು ನೀವು, ಕುಣದಿದ್ದು ನಾನು." ಪ್ರಬಂಧ ಅಂದು ಹೋಗಲಿಲ್ಲ. ಪೇಡೆಯನ್ನು ಯಾರೂ ಮುಟ್ಟಲಿಲ್ಲ.

ಮರುದಿನ ದಾವಲ್‌ಬೀ ಬಸ್ಸಿಗೆ ಹೊರಡಲಿಲ್ಲ. ಅದರ ಮರುದಿನವೂ ಇಲ್ಲ. ಓಣಿಯವರು ಹೆಸರು ಬಂತೇ ಎಂದು ಕೇಳಿಯಾರೆಂಬ ಸಂಕಟಕ್ಕೆ ಬಾಗಿಲನ್ನೂ ತೆರೆಯಲಿಲ್ಲ. ಹುಸೇನ್‌ಸಾಬ್ ಎಂದಿನ ಕುಚೋದ್ಯವನ್ನು ಬಿಟ್ಟು ಹೆಂಡತಿಯ ಮಗ್ಗುಲಿಗೆ ಕೂತರು. "ರೋ ನಕ್ಕೋ ಜೀ" ಎಂದು ಮನೆಮಾತಿನಲ್ಲಿ ಅಳಬೇಡವೆಂದರು. ಆಮೇಲೆ ಕನ್ನಡಕ್ಕೆ ಹೊರಳಿದರು. ಗಂಭೀರವಾದದ್ದನ್ನು ಹೇಳುವಾಗ ಅವರಿಗೆ ಕನ್ನಡವೇ ಬೇಕಂತೆ.

"ಹಸಿ ನೆಲ್ಲು ಹಾಕಿ ನಾನೂ ಮಿಲ್ಲಿನ್ಯಾಗ ಒಂದ್ ಲೋಡ್ ನುಚ್ಚ ಮಾಡೀನಿ. ಮಿಲ್ ಬಿಟ್ಟ ಓಡಿ ಹೋದ್ನೇನು? ಮರುದಿನಾ ಹೋಗಿ ನೆಲ್ಲು ಕಡದು ನೋಡಾಕ ಕಲತೆ. ಓಣಿಗೆ ಹೇಳಿದಾಂವ ನಾನು, ಓಣಿಗೆ ಉತ್ತರಾ ಕೊಡಾಂವನೂ ನಾನಾ. ನೀ ಏಳು."

ಮೂರನೆಯ ದಿನ ಗಂಡ ಹೆಂಡತಿ ಇಬ್ಬರೂ ಸಿಂಧನೂರಿಗೇ ಬಂದರು. ಹುಸೇನ್‌ಸಾಬ್ ಮಿಲ್ಲಿಗೆ ರಜೆ ಹಾಕಿ, ಸಲಾಕೆಯ ಬೇರಿಂಗಿಗೆ ಒಂದು ಅಡ್ಡಮೊಳೆ ಕೂರಿಸಿದರು. ಈಗ ಅದು ಅರ್ಧ ಸುತ್ತಿಗೆ ಟಕ್ ಎಂದು ನಿಲ್ಲುತ್ತದೆ, ಮುಂದೆ ಹೋಗು ಎಂದರೂ ಹೋಗುವುದಿಲ್ಲ. ಆದರೂ ಮೊದಮೊದಲು ಎಡಕ್ಕೆ ತಿರುಗಿಸಿ ಎಂದರೆ ದಾವಲ್‌ಬೀ ಕೈ ಬಲಕ್ಕೇ ಎಳೆಯುತ್ತಿತ್ತು. ಅವರು ಬಿಸ್ಮಿಲ್ಲಾ ಎಂದು ಕಣ್ಣು ಮುಚ್ಚಿ ತಿರುಗಿಸುತ್ತಿದ್ದರು. ದೀಪಾ ಪಕ್ಕದಲ್ಲಿ ನಿಂತು, "ಬರ್ಕತ್ ಎಲ್ಲೂ ಹೋಗಂಗಿಲ್ಲ ಆಪಾ, ಬಾಗಲಾ ಹಾಕೇತಿ" ಎಂದು ನಗಿಸುತ್ತಿದ್ದಳು. ನಗುತ್ತ ನಗುತ್ತಲೇ ಕೈ ಪಳಗಿತು.

ಹೊಸ ಹರಳು, ಹೊಸ ತಂತಿ, ಎಲ್ಲವೂ ಮೊದಲಿಂದ. ಈ ಸಲ ದಿನಾಲೂ ಏರುವ ಪವಾಡವೇನೂ ನಡೆಯಲಿಲ್ಲ. ಬಂದ ಅಂಕಿ ಹಳೆಯದರ ಹತ್ತರಲ್ಲೊಂದು ಪಾಲಿನಷ್ಟು. ಆದರೆ ಅದು ನಿನ್ನೆ ಬಂದಷ್ಟೇ ಇವತ್ತೂ ಬಂತು. ಕಾಂತದ ಬಲ ಹೆಚ್ಚಿಸಿದರೆ ಹೆಚ್ಚಿತು, ದಿಕ್ಕು ತಿರುಗಿಸಿದರೆ ತಿರುಗಿತು. ಪದರುಗಳ ಮೇಲೆ ಕಾಂತದ ಬಲ ನೆಟ್ಟಗೆ ಬಿದ್ದಾಗ ಹೆಚ್ಚು, ಪದರಿನ ಗುಂಟ ಬಿದ್ದಾಗ ಕಡಿಮೆ ಎಂಬುದೂ ಸ್ಪಷ್ಟವಾಯಿತು. ಜಗತ್ತು ಬೆರಗಾಗುವ ಸುದ್ದಿ ಇದಲ್ಲ ಎಂದು ಮೇಷ್ಟ್ರೇ ಹೇಳುತ್ತಾರೆ. ಇಂಥ ಹರಳುಗಳ ಮೇಲೆ ದುಡಿಯುವವರಿಗೆ ಬೇಕಾದ ಒಂದು ನಂಬಿಕಸ್ತ ಅಳತೆ, ಅಷ್ಟೆ. ಆ ಪ್ರಬಂಧ ಈಗ ಹೋಗಿದೆ, ಉತ್ತರ ಇನ್ನೂ ಬಂದಿಲ್ಲ. ತಿದ್ದಿ ಎಂದು ಮರಳಿ ಬರಬಹುದು, ಬೇಡ ಎಂದೂ ಬರಬಹುದು.

ಕಳಿಸುವ ಮುಂಚೆ ದಾವಲ್‌ಬೀ ಮೇಷ್ಟ್ರ ಮುಂದೆ ನಿಂತು, ನನ್ನ ಹೆಸರು ತೆಗೆದುಬಿಡಿ ಎಂದಿದ್ದರು. ಮೇಷ್ಟ್ರು ಓದುತ್ತಿದ್ದ ಹಾಳೆಯಿಂದ ತಲೆ ಎತ್ತಲಿಲ್ಲ. "ಹೋದ ಸಲ ನಿಮ್ಮ ಹೆಸರು ಹಾಕಿದ್ದು ನನ್ನ ಖುಷೀಗೆ ಆಪಾ. ಈ ಸಲ ಹಾಕಿದ್ದು ಕೆಲಸಕ್ಕ. ತಗಿಯಾಕ ನನಗ ಹಕ್ಕಿಲ್ಲ" ಎಂದರು. ದಾವಲ್‌ಬೀ ಈ ಸುದ್ದಿಯನ್ನು ಗಂಡನಿಗೆ ಹೇಳಲು ಒಂದು ಕರಾರು ಹಾಕಿದ್ದಾರೆ: ಅಚ್ಚಾಗುವ ತನಕ ಬಸ್ ಕಂಡಕ್ಟರಿಗೆ ಹೇಳಬಾರದು. ಹುಸೇನ್‌ಸಾಬ್ ಕಷ್ಟಪಟ್ಟು ಬಾಯಿ ಕಟ್ಟಿಕೊಂಡಿದ್ದಾರೆ.

ಅಂಟು ಒಣಗಿದೆ. ದಾವಲ್‌ಬೀ ಸಲಾಕೆಯನ್ನು ಕಾಂತದ ನಡುವೆ ಇಳಿಸಿ, ಹೊಗೆಯಾಡುವ ಸಾರಜನಕ ಸುರಿಯುತ್ತಾರೆ. ಹರಳು ತಣ್ಣಗಾಗಲು ಕಾಯುತ್ತಾರೆ. ವಿದ್ಯುತ್ಕಾಂತದ ಸ್ವಿಚ್ಚಿನ ಹತ್ತಿರ ಕೈ ಒಯ್ಯುವುದಿಲ್ಲ. ಕಾಂತ ಬಂದ್ ಇದ್ದಾಗಲೇ ಗೂಟವನ್ನು ಬಲಕ್ಕೆ ತಿರುಗಿಸುತ್ತಾರೆ, ಟಕ್. ಎಡಕ್ಕೆ ತರುತ್ತಾರೆ, ಟಕ್. ಈ ಪರೀಕ್ಷೆ ಆಗದೆ ಈಗ ಕೋಣೆಯಲ್ಲಿ ಯಾರೂ ಕಾಂತ ಹಚ್ಚುವಂತಿಲ್ಲ. ಇದು ದಾವಲ್‌ಬೀ ಹಾಕಿದ ಕಾನೂನು, ಮೇಷ್ಟ್ರಿಗೂ ವಿನಾಯಿತಿಯಿಲ್ಲ.

ನಿಮಗೇನಾದರೂ ಆಸೆ ಉಂಟೇ ಎಂದು ಕೇಳಿದರೆ ಹೆಸರಿನ ಮಾತು ಎತ್ತುವುದಿಲ್ಲ. ಮೀಟರಿನ ಕಡೆ ಗಲ್ಲ ತೋರಿಸುತ್ತಾರೆ. ಅಂಕಿ ಅತ್ತ ಇತ್ತ ಒಂದಿಷ್ಟು ತೂಗಾಡಿ, ಸೊನ್ನೆಗೆ ಬಂದು ನಿಲ್ಲುತ್ತದೆ. ಎಷ್ಟು ಸಲ ಸಲಾಕೆ ತಿರುಗಿಸಿದರೂ ಅಲ್ಲಿಂದ ಕದಲುವುದಿಲ್ಲ.

"ದೊಡ್ಡ ನಂಬರ್ ತಪ್ಪಿನಿಂದನೂ ಬರತೈತ್ರಿ, ನಾನಾ ತಂದು ತೋರ್ಸೀನಿ" ಎಂದು ನಗುತ್ತಾರೆ ದಾವಲ್‌ಬೀ. "ಸೊನ್ನಿ ಹಂಗ ಬರಂಗಿಲ್ರಿ. ಅದಕ್ಕ ಎಲ್ಲಾ ಸರಿ ಇರಬೇಕು. ಹೆಸರು ಯಾರದರ ಇರವಲ್ದ್ಯಾಕ, ಈ ಸೊನ್ನಿ ನಂದು."